ಕಲ್ಲುಗಳಲ್ಲಿ ಉಳಿದಿರುವ ಉಸಿರಿನ ಚರಿತ್ರೆ

ಜೋಳವನ್ನು ಹಗೇವಿನಲ್ಲಿ ತುಂಬಿಡುವ ಪದ್ಧತಿ ಬಾಗಲಕೋಟೆ, ಬಾದಾಮಿ, ಹುನಗುಂದ ಸೀಮೆಯಿಂದ ಇಂದು ಬಹುಮಟ್ಟಿಗೆ ಮರೆಯಾಗಿದೆ. ನನ್ನ ಬಾಲ್ಯದಲ್ಲಿ ಅದು ಅಲ್ಲಲ್ಲಿ ಇನ್ನೂ ಉಳಿದಿತ್ತು. ನೆಲದೊಳಗೆ ಆಳವಾಗಿ ತೋಡಿದ ಕಣಜ, ಬದಿಗಳಿಗೆ ಒಣಹುಲ್ಲು ಮತ್ತು ಹೊಟ್ಟಿನ ಹೊದಿಕೆ, ಅದರ ತುಂಬ ಜೋಳ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ ಬಾಯಿ. ಬರಗಾಲಕ್ಕೆಂದು ಕೂಡಿಟ್ಟ ಕಾಳು ಅಲ್ಲಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು.

ಒಮ್ಮೆ ಹುನಗುಂದದ ಕಡೆಯ ಹಳ್ಳಿಯೊಂದರಲ್ಲಿ ಹಗೇವು ತೆರೆಯುವುದನ್ನು ನೋಡಲು ನಾವು ಹುಡುಗರೆಲ್ಲ ಸುತ್ತ ನೆರೆದಿದ್ದೆವು. ಬಾಯಿಯ ಕಲ್ಲು ಸರಿಸಿದ ಕೂಡಲೇ ತರುಣನೊಬ್ಬ ಇಳಿಯಲು ಮುಂದಾದ. ಆ ಮನೆಯ ಮುತ್ಯಾ ಅವನ ರಟ್ಟೆ ಹಿಡಿದು ನಿಲ್ಲಿಸಿದರು. ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಒಳಗೆ ಇಳಿಬಿಟ್ಟರು. ಅದು ಅರ್ಧ ದಾರಿಗೆ ಹೋಗುವಷ್ಟರಲ್ಲಿ ಕುಗ್ಗಿ ಆರಿಹೋಯಿತು. “ದೀಪಾ ಆರಿದ್ ಜಾಗಾದಾಗ ಮನಷ್ಯಾನೂ ಆರ್ತಾನ ತಮ್ಮಾ. ಗಾಳಿ ಆಡೂತನಕಾ ಯಾರೂ ಇಳೀಬ್ಯಾಡ್ರಿ” ಎಂದರು. ಅಂದು ಮಧ್ಯಾಹ್ನದವರೆಗೂ ಯಾರೂ ಇಳಿಯಲಿಲ್ಲ. ಅವಸರದಲ್ಲಿ ಇಳಿದು ಪ್ರಾಣ ಕಳೆದುಕೊಂಡವರ ಕಥೆಗಳನ್ನು ಆ ಬಳಿಕ ಹಿರಿಯರ ಬಾಯಿಂದ ಕೇಳಿದೆ.

ಮುಚ್ಚಿದ ಗುಂಡಿಯಲ್ಲಿ ಗಾಳಿ ಸಾಯುವುದು ಏಕೆಂದು ಅಂದು ನನಗೆ ತಿಳಿದಿರಲಿಲ್ಲ. ಜೋಳದ ಕಾಳು ಸತ್ತ ವಸ್ತುವಲ್ಲ. ಅದು ಮೆಲ್ಲಮೆಲ್ಲಗೆ ಉಸಿರಾಡುತ್ತಲೇ ಇರುತ್ತದೆ. ಅದರ ಜೊತೆಯಲ್ಲಿರುವ ಬೂಷ್ಟು, ಹುಳು, ಸೂಕ್ಷ್ಮಾಣುಗಳೂ ಉಸಿರಾಡುತ್ತವೆ. ತಿಂಗಳುಗಳು ಕಳೆದಂತೆ ಒಳಗಿನ ಆಮ್ಲಜನಕವೆಲ್ಲ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳುಗಳು ಸಾಯುವುದೂ ಕಾಳು ಕೆಡದೆ ಉಳಿಯುವುದೂ ಇದರಿಂದಲೇ. ಇಳಿದವನು ಸಾಯುವುದೂ ಇದರಿಂದಲೇ.

ನಮ್ಮ ಭೂಮಿಯೂ ತನ್ನ ಆಯುಷ್ಯದ ಮೊದಲರ್ಧದಲ್ಲಿ ಹೀಗೆ ಮುಚ್ಚಿದ ಹಗೇವಿನಂತೆಯೇ ಇತ್ತೆಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಭೂಮಿ ಹುಟ್ಟಿ ಸುಮಾರು 454 ಕೋಟಿ ವರ್ಷಗಳಾಗಿವೆ. ಅದರಲ್ಲಿ ಮೊದಲ 200 ಕೋಟಿ ವರ್ಷಗಳ ಕಾಲ ಗಾಳಿಯಲ್ಲಿ ಉಸಿರಾಡಬಹುದಾದ ಆಮ್ಲಜನಕ ಇರಲೇ ಇಲ್ಲ. ಇಂದು ಗಾಳಿಯ ನೂರು ಪಾಲಿನಲ್ಲಿ 21 ಪಾಲು ಆಮ್ಲಜನಕವಿದೆ. ಇದನ್ನು ತುಂಬಿದವರು ಯಾರು? ಅವರ ಕೆಲಸದ ದಾಖಲೆ ಎಲ್ಲಿದೆ? ಉತ್ತರ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಅದರ ದೊಡ್ಡ ಪಾಲು ಹುನಗುಂದ, ಬಾಗಲಕೋಟೆ ಮತ್ತು ಬಾದಾಮಿಯ ಕಲ್ಲುಗಳಲ್ಲಿಯೇ ಇದೆ.

ಪದರಗಳನ್ನು ಓದಿದವರು

ಕಲ್ಲನ್ನು ಗ್ರಂಥದಂತೆ ಓದಬಹುದೆಂದು ಲೋಕಕ್ಕೆ ಮೊದಲು ಸ್ಪಷ್ಟವಾಗಿ ಹೇಳಿದವರಲ್ಲಿ ನಿಕೊಲಸ್ ಸ್ಟೆನೊ ಪ್ರಮುಖರು. ಡೆನ್ಮಾರ್ಕಿನಲ್ಲಿ ಹುಟ್ಟಿದ ಈ ಅಂಗರಚನಾ ವಿಜ್ಞಾನಿ 1669ರಲ್ಲಿ ಫ್ಲಾರೆನ್ಸ್ ನಗರದಲ್ಲಿ ಒಂದು ಚಿಕ್ಕ ಗ್ರಂಥವನ್ನು ಪ್ರಕಟಿಸಿದರು. ನೀರಿನ ತಳದಲ್ಲಿ ಮೆಕ್ಕಲು ಕೂತು ಆದ ಪದರಗಳು ಮೊದಲು ಅಡ್ಡಲಾಗಿ ಮಲಗಿರುತ್ತವೆ. ಕೆಳಗಿನದು ಹಿರಿದು, ಮೇಲಿನದು ಕಿರಿದು. ಓರೆಯಾಗಿಯೋ ನೆಟ್ಟಗೋ ನಿಂತಿದ್ದರೆ ಅವನ್ನು ಆ ಬಳಿಕ ಯಾವುದೋ ಶಕ್ತಿ ಎತ್ತಿ ನಿಲ್ಲಿಸಿದೆ ಎಂದು ತಿಳಿಯಬೇಕು. ಇದು ಅವರ ಮಾತಿನ ಸಾರ. ಸ್ಟೆನೊ 1675ರಲ್ಲಿ ಯಾಜಕರಾದರು, 1677ರಲ್ಲಿ ಬಿಷಪರಾದರು. 1988ರಲ್ಲಿ ಧರ್ಮಸಭೆ ಅವರನ್ನು ಧನ್ಯರೆಂದು ಘೋಷಿಸಿತು. ಭೂಮಿಯ ಪ್ರಾಚೀನತೆಯ ಮಾತು ಬಂದಾಗಲೆಲ್ಲ ಅಳುಕುವ ನಮ್ಮವರಿಗೆ ಈ ಸಂಗತಿ ತಿಳಿದಿದ್ದರೆ ಒಳ್ಳೆಯದು.

ನಮ್ಮ ಸೀಮೆಯ ಪದರಗಳನ್ನು ಹೀಗೆ ಓದಿದವರು ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಧಿಕಾರಿಯಾಗಿದ್ದ ಅವರು ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ನಡುವಣ ನಾಡನ್ನು ಸುತ್ತಿ, 1876ರಲ್ಲಿ ಇಲ್ಲಿಯ ಭೂರಚನೆಯ ವಿವರಣೆಯನ್ನು ಪ್ರಕಟಿಸಿದರು. ಅಂದು ಜಿಲ್ಲೆಯ ಮುಖ್ಯಸ್ಥಳವಾಗಿದ್ದ ಕಲಾದಗಿಯ ಹೆಸರನ್ನೇ ಈ ಶಿಲಾಶ್ರೇಣಿಗೆ ಇಟ್ಟರು. ದಾಳಿಂಬೆ, ಚಿಕ್ಕು ಹಣ್ಣುಗಳಿಗೆ ಹೆಸರಾದ ಕಲಾದಗಿ ಭೂವಿಜ್ಞಾನಿಗಳ ಲೋಕದಲ್ಲಿ ಪರಿಚಿತವಾಗಿರುವುದು ಈ ಕಾರಣದಿಂದ.

ಇಲ್ಲಿಯ ಶಿಲೆಗಳನ್ನು ಸ್ಥೂಲವಾಗಿ ಮೂರು ಅಂತಸ್ತುಗಳೆಂದು ಎಣಿಸಬಹುದು. ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ಹಳೆಯದು ಹುನಗುಂದ-ಕುಷ್ಟಗಿ ಪಟ್ಟಿಯ ಶಿಸ್ಟ್ ಶಿಲೆಗಳು, ಅದರ ನೆರೆಯಲ್ಲಿ ಇಳಕಲ್ಲಿನ ಗುಲಾಬಿ ಗ್ರಾನೈಟ್. ಇವು ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಹಿಂದಿನವು. ಅದರ ಮೇಲೆ ಬಾಗಲಕೋಟೆ, ಲೋಕಾಪುರ, ಕಲಾದಗಿಗಳ ಸುತ್ತ ಹರಡಿರುವ ಬೆಣಚು, ಸುಣ್ಣಕಲ್ಲು, ಡಾಲಮೈಟುಗಳು. ಇವು ನೂರು ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಕೂತ ಪದರಗಳು. ಅವು ಮಡಿಕೆಯಾಗಿ, ಮೇಲೆದ್ದು, ಸವೆದ ಎಷ್ಟೋ ಕಾಲದ ನಂತರ ಅವುಗಳ ಮೇಲೆ ಅಡ್ಡಲಾಗಿ ಹಾಸಿಕೊಂಡದ್ದು ಬಾದಾಮಿಯ ಕೆಂಪು ಮರಳುಗಲ್ಲು. ಹುನಗುಂದ ಸೀಮೆಯ ರಾಮಥಾಳದ ಬಳಿ ಕಡಿದಾಗಿ ನಿಂತ ಅತಿ ಪ್ರಾಚೀನ ಪದರಗಳ ತಲೆಯ ಮೇಲೆ ಮರಳುಗಲ್ಲು ಸಮತಟ್ಟಾಗಿ ಮಲಗಿರುವುದನ್ನು ಕಣ್ಣಾರೆ ಕಾಣಬಹುದು. ನಿಂತ ಕಲ್ಲಿಗೂ ಮಲಗಿದ ಕಲ್ಲಿಗೂ ನಡುವೆ ಇರುವ ಒಂದು ಗೆರೆಯಲ್ಲಿ ಕೋಟಿ ಕೋಟಿ ವರ್ಷಗಳು ಅಡಗಿವೆ. ಸ್ಟೆನೊ ಅವರ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಾಗಿಲ್ಲ.

ಗಾಳಿ ಬೇಡದ ಜೀವಿಗಳು

ಮೊದಲ ಅಂತಸ್ತಿನ ಕಾಲಕ್ಕೆ ಹೋಗೋಣ. ಅಂದಿನ ಜೀವಿಗಳೆಲ್ಲ ಏಕಕೋಶದವು. ಬರಿಗಣ್ಣಿಗೆ ಕಾಣದಷ್ಟು ಚಿಕ್ಕವು. ಆಸ್ಟ್ರೇಲಿಯದ ಪಶ್ಚಿಮ ಭಾಗದಲ್ಲಿ ಸುಮಾರು 348 ಕೋಟಿ ವರ್ಷಗಳಷ್ಟು ಹಳೆಯ ಬಂಡೆಗಳಲ್ಲಿ ಅವುಗಳ ಕುರುಹುಗಳು ದೊರೆತಿವೆ. ಜೀವವು ನಿರ್ಜೀವ ದ್ರವ್ಯದಿಂದ ಹೇಗೆ ಮೂಡಿತೆಂಬ ಪ್ರಶ್ನೆಗೆ ರಷ್ಯದ ಒಪಾರಿನ್ 1924ರಲ್ಲಿಯೂ ಇಂಗ್ಲೆಂಡಿನ ಹಾಲ್ಡೇನ್ 1929ರಲ್ಲಿಯೂ ಒಂದು ದಾರಿ ಸೂಚಿಸಿದರು. ಆಮ್ಲಜನಕವಿಲ್ಲದ ಗಾಳಿಯೇ ಆ ಮೊದಲ ರಾಸಾಯನಿಕ ಕ್ರಿಯೆಗಳಿಗೆ ಬೇಕಾಗಿತ್ತು ಎಂಬುದು ಇಬ್ಬರ ವಾದದ ತಿರುಳು. ಇದೇ ಹಾಲ್ಡೇನ್ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, ಇಲ್ಲಿಯ ಪೌರರಾಗಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಮೂಲದ ಪ್ರಶ್ನೆ ಇಂದಿಗೂ ಪೂರ್ತಿಯಾಗಿ ಬಗೆಹರಿದಿಲ್ಲ. ಆದರೆ ಹುಟ್ಟಿದ ಜೀವಿ ಏನು ತಿಂದು ಬದುಕಿತು ಎಂಬ ಪ್ರಶ್ನೆಗೆ ಉತ್ತರಿಸುವ ಸಾಕ್ಷಿಗಳು ಈಗಲೂ ನಮ್ಮ ನಡುವೆ ಬದುಕಿವೆ.

ಜೀವಿಯೊಂದು ಹೊರಗಿನಿಂದ ದ್ರವ್ಯವನ್ನು ಪಡೆದು, ಒಡೆದು, ಶಕ್ತಿಯನ್ನು ಗಳಿಸಿ, ತನ್ನ ಒಡಲನ್ನು ಕಟ್ಟಿಕೊಳ್ಳುವ ಎಲ್ಲ ಕೆಲಸಗಳನ್ನು ಒಟ್ಟಾಗಿ ಚಯಾಪಚಯ ಎನ್ನುತ್ತೇವೆ. ಕೂಡಿಸುವುದು ಚಯ, ಕಳೆಯುವುದು ಅಪಚಯ. ಇದರ ಅತ್ಯಂತ ಹಳೆಯ ಬಗೆಗಳಲ್ಲಿ ಒಂದನ್ನು ಕಾಣಬೇಕಾದರೆ ಹಿತ್ತಿಲಿನ ಗೋಬರ್ ಗ್ಯಾಸ್ ತೊಟ್ಟಿಯ ಬಳಿ ನಿಲ್ಲಬೇಕು. ಅಲ್ಲಿ ಕೆಲಸ ಮಾಡುವ ಸೂಕ್ಷ್ಮಜೀವಿಗಳಲ್ಲಿ ಕೆಲವು ಜಲಜನಕವನ್ನೂ ಇಂಗಾಲದ ಡೈಆಕ್ಸೈಡನ್ನೂ ಸೇರಿಸಿ ಮಿಥೇನ್ ಅನಿಲವನ್ನಾಗಿ ಮಾಡುತ್ತವೆ. ಆ ಕ್ರಿಯೆಯಲ್ಲಿ ಹೊರಬೀಳುವ ಅಲ್ಪ ಶಕ್ತಿಯೇ ಅವುಗಳ ಅನ್ನ. ಅವಕ್ಕೆ ಬೆಳಕು ಬೇಡ, ಸಕ್ಕರೆ ಬೇಡ. ಆಮ್ಲಜನಕವಂತೂ ಅವಕ್ಕೆ ವಿಷ. ತೊಟ್ಟಿಯನ್ನು ಗಾಳಿಯಾಡದಂತೆ ಮುಚ್ಚುವುದು ಅದಕ್ಕಾಗಿಯೇ. ಇವು ಸಾಮಾನ್ಯ ಬ್ಯಾಕ್ಟೀರಿಯಾಗಳಲ್ಲ, ಆರ್ಕಿಯಾ ಎಂಬ ಬೇರೆಯೇ ವಂಶದವು ಎಂದು ಅಮೆರಿಕದ ಕಾರ್ಲ್ ವೋಸ್ ಮತ್ತು ಸಂಗಡಿಗರು 1977ರಲ್ಲಿ ತೋರಿಸಿಕೊಟ್ಟರು. ಆದಿಮ ಭೂಮಿಯ ಬದುಕು ಎತ್ತಿನ ಹೊಟ್ಟೆಯಲ್ಲಿಯೂ ಸಗಣಿಯ ತೊಟ್ಟಿಯಲ್ಲಿಯೂ ಇಂದಿಗೂ ನಡೆದಿದೆ.

ಇನ್ನೊಂದು ಹಳೆಯ ಬಗೆ ಹುದುಗುವಿಕೆ. ಮೊಸರು ಹೆಪ್ಪುಗಟ್ಟುವುದು, ಅಂಬಲಿ ಹುಳಿಯಾಗುವುದು ಇದರಿಂದ. ಗಾಳಿಯಿಲ್ಲದೆ ನಡೆಯುವ ಬದುಕು ಇದೆಂದು ಫ್ರಾನ್ಸಿನ ಲೂಯಿ ಪಾಶ್ಚರ್ 1860ರ ಸುಮಾರಿಗೆ ಗುರುತಿಸಿದರು. ಇಲ್ಲಿ ಸಕ್ಕರೆಯ ಅಣುವನ್ನು ಪೂರ್ತಿ ಒಡೆಯದೆ, ಅರ್ಧಕ್ಕೆ ಬಿಟ್ಟು, ಉಳಿದದ್ದನ್ನು ಆಮ್ಲವಾಗಿಯೋ ಮದ್ಯಸಾರವಾಗಿಯೋ ಹೊರಹಾಕಲಾಗುತ್ತದೆ. ಕಬ್ಬನ್ನು ಗಾಣದಲ್ಲಿ ಒಮ್ಮೆ ಮಾತ್ರ ಹಿಂಡಿ, ರಸ ತುಂಬಿದ ಸಿಪ್ಪೆಯನ್ನು ಬಿಸಾಡಿದಂತೆ. ಕೋಶವು ತನ್ನ ಶಕ್ತಿಯನ್ನು ಎಟಿಪಿ ಎಂಬ ಅಣುಗಳಲ್ಲಿ ಚಿಲ್ಲರೆ ಹಣದಂತೆ ಇಟ್ಟುಕೊಳ್ಳುತ್ತದೆ. ಒಂದು ಗ್ಲೂಕೋಸ್ ಅಣುವಿನಿಂದ ಹುದುಗುವಿಕೆಯಲ್ಲಿ ದೊರೆಯುವುದು ಎರಡೇ ಎಟಿಪಿ. ಈ ದಾರಿಯ ಹತ್ತು ಮೆಟ್ಟಿಲುಗಳು ಯೀಸ್ಟಿನಲ್ಲಿಯೂ ನಮ್ಮ ಸ್ನಾಯುಗಳಲ್ಲಿಯೂ ಒಂದೇ. ಬಸ್ಸು ಹಿಡಿಯಲು ಓಡಿದಾಗ, ಉಸಿರು ಒದಗಿಸುವ ಆಮ್ಲಜನಕ ಸಾಲದಾದಾಗ, ನಮ್ಮ ಕಾಲಿನ ಸ್ನಾಯುಗಳು ಈ ಪುರಾತನ ವಿಧಾನಕ್ಕೇ ಮರಳುತ್ತವೆ.

ಆ ಕಾಲದ ಸಮುದ್ರಗಳಲ್ಲಿ ಕಬ್ಬಿಣ ಹೇರಳವಾಗಿ ಕರಗಿತ್ತು. ಆಮ್ಲಜನಕವಿಲ್ಲದ ನೀರಿನಲ್ಲಿ ಕಬ್ಬಿಣ ಕರಗಿಯೇ ಇರುತ್ತದೆ. ಅದು ಆಮ್ಲಜನಕದೊಡನೆ ಸೇರಿದರೆ ತುಕ್ಕಾಗಿ ತಳಕ್ಕೆ ಇಳಿಯುತ್ತದೆ. ಹುನಗುಂದದ ಶಿಸ್ಟ್ ಪಟ್ಟಿಯಲ್ಲಿ ಕಬ್ಬಿಣದ ಪದರವೊಂದು, ಬೆಣಚಿನಂಥ ಸಿಲಿಕಾ ಪದರವೊಂದು, ಮತ್ತೆ ಕಬ್ಬಿಣ, ಮತ್ತೆ ಸಿಲಿಕಾ, ಹೀಗೆ ಇಳಕಲ್ಲ ಸೀರೆಯ ದಡಿಯಂತೆ ಪಟ್ಟೆಪಟ್ಟೆಯಾಗಿ ಸಾಗುವ ಶಿಲೆಗಳಿವೆ. ಸಂಡೂರಿನಲ್ಲಿಯೂ ಚಿತ್ರದುರ್ಗದಲ್ಲಿಯೂ ಇಂಥವೇ ಇವೆ. ಕರಗಿದ್ದ ಕಬ್ಬಿಣವನ್ನು ಹೀಗೆ ಕೆಡವಿದ್ದು ಏನು? ಕಬ್ಬಿಣವನ್ನೇ ಬಳಸಿಕೊಂಡು ಬೆಳಕಿನಿಂದ ಬದುಕುವ ಬ್ಯಾಕ್ಟೀರಿಯಾಗಳಿವೆ ಎಂದು 1993ರಲ್ಲಿ ಜರ್ಮನಿಯ ಸಂಶೋಧಕರು ತೋರಿಸಿದರು. ಅವು ಆಮ್ಲಜನಕವಿಲ್ಲದೆಯೇ ಕಬ್ಬಿಣವನ್ನು ತುಕ್ಕಾಗಿಸಬಲ್ಲವು. ಆಮ್ಲಜನಕ ಬಿಡುವ ಮೊದಲ ಜೀವಿಗಳ ಪಾಲೂ ಅದರಲ್ಲಿರಬಹುದು. ಯಾವುದರ ಪಾಲು ಎಷ್ಟೆಂಬ ಚರ್ಚೆ ಮುಗಿದಿಲ್ಲ. ಆದರೆ ಹುನಗುಂದದ ಹೊಲದಂಚಿನಲ್ಲಿ ಬಿದ್ದ ಒಂದು ಪಟ್ಟೆಗಲ್ಲು, ಆಮ್ಲಜನಕವಿಲ್ಲದ ಸಮುದ್ರವೊಂದು ಇಲ್ಲಿತ್ತೆಂಬುದಕ್ಕೆ ಸಾಕ್ಷಿಯಾಗಿ ನಿಲ್ಲುತ್ತದೆ.

ಸೂರ್ಯನ ಹೆಸರಿನ ಕಲ್ಲು

ಈಗ ಚರಿತ್ರೆಯ ಮುಖ್ಯ ತಿರುವಿಗೆ ಬರೋಣ. ಬೆಳಕಿನ ಬಲದಿಂದ ಇಂಗಾಲವನ್ನು ಆಹಾರವಾಗಿಸಲು ಹಳೆಯ ಬ್ಯಾಕ್ಟೀರಿಯಾಗಳಿಗೆ ಜಲಜನಕ, ಗಂಧಕದ ಅನಿಲ, ಕರಗಿದ ಕಬ್ಬಿಣ ಇಂಥವು ಬೇಕಾಗಿದ್ದವು. ಅವು ಎಲ್ಲೆಡೆಯಲ್ಲಿ ಸಿಗುವ ವಸ್ತುಗಳಲ್ಲ. ಅವುಗಳ ನಡುವೆ ಒಂದು ಪಂಗಡ ನೀರನ್ನೇ ಒಡೆಯಲು ಕಲಿಯಿತು. ಇವೇ ಸಯನೋಬ್ಯಾಕ್ಟೀರಿಯಾ, ಶಾಲೆಯ ಪಠ್ಯಗಳಲ್ಲಿ ಇವನ್ನು ನೀಲಿಹಸಿರು ಪಾಚಿ ಎಂದು ಕರೆಯುತ್ತಿದ್ದರು. ನೀರು ಎಲ್ಲೆಡೆಯಲ್ಲಿ ಇದೆ, ಬೆಳಕು ಎಲ್ಲೆಡೆಯಲ್ಲಿ ಇದೆ. ಹಾಗಾಗಿ ಇವಕ್ಕೆ ಕೊರತೆಯೆಂಬುದೇ ಇರಲಿಲ್ಲ. ನೀರನ್ನು ಒಡೆದಾಗ ಉಳಿಯುವ ಕಸ ಆಮ್ಲಜನಕ. ಅದನ್ನು ಅವು ಹೊರಗೆ ಬಿಟ್ಟವು.

ಈ ಜೀವಿಗಳು ಆಳವಿಲ್ಲದ ನೀರಿನ ತಳದಲ್ಲಿ ಚಾಪೆಯಂತೆ ಹರಡಿ ಬೆಳೆಯುತ್ತವೆ. ಮೈಯ ಅಂಟಿಗೆ ಮೆಕ್ಕಲಿನ ಕಣಗಳು ಹತ್ತಿಕೊಳ್ಳುತ್ತವೆ. ನೀರಿನ ಇಂಗಾಲದ ಡೈಆಕ್ಸೈಡನ್ನು ಅವು ಹೀರಿಕೊಂಡಂತೆಲ್ಲ ಸುಣ್ಣವೂ ಗಟ್ಟಿಯಾಗಿ ಕೂಡುತ್ತದೆ. ಕೆಳಗೆ ಹೂತುಹೋಗದಿರಲು ಅವು ಬೆಳಕಿನತ್ತ ಮೇಲೇರಿ ಹೊಸ ಚಾಪೆ ಹಾಸುತ್ತವೆ. ಸಾವಿರಾರು ವರ್ಷ ಹೀಗೆ ನಡೆದಾಗ ಒಂದರ ಮೇಲೊಂದು ಕವುಚಿಟ್ಟ ಬೋಗುಣಿಗಳಂಥ ಕಲ್ಲಿನ ಗುಮ್ಮಟಗಳು, ಕಂಬಗಳು ಏಳುತ್ತವೆ. ಇವಕ್ಕೆ ಸ್ಟ್ರೊಮ್ಯಾಟೊಲೈಟ್ ಎಂದು ಹೆಸರು. ಜರ್ಮನಿಯ ಕಾಲ್ಕೋವ್‌ಸ್ಕಿ 1908ರಲ್ಲಿ ಈ ಹೆಸರಿಟ್ಟು, ಇವು ಜೀವಿಗಳ ಕೆಲಸವೆಂದು ವಾದಿಸಿದರು. ಹಲವರು ಒಪ್ಪಲಿಲ್ಲ. 1950ರ ದಶಕದಲ್ಲಿ ಆಸ್ಟ್ರೇಲಿಯದ ಶಾರ್ಕ್ ಕೊಲ್ಲಿಯಲ್ಲಿ ಇಂದಿಗೂ ಬೆಳೆಯುತ್ತಿರುವ ಸ್ಟ್ರೊಮ್ಯಾಟೊಲೈಟುಗಳು ವಿಜ್ಞಾನಿಗಳ ಕಣ್ಣಿಗೆ ಬಿದ್ದ ಬಳಿಕವೇ ಸಂಶಯ ಕಳೆಯಿತು. ಫೂಟ್ ಅವರ ಕಾಲದಲ್ಲಿ ಈ ತಿಳಿವಳಿಕೆ ಯಾರಿಗೂ ಇರಲಿಲ್ಲ.

ಕರ್ನಾಟಕದಲ್ಲಿ ಎರಡು ಕಾಲದ ಸ್ಟ್ರೊಮ್ಯಾಟೊಲೈಟುಗಳಿವೆ. ಶಿವಮೊಗ್ಗ ಜಿಲ್ಲೆಯ ಕುಂಸಿ, ತುಮಕೂರು ಜಿಲ್ಲೆಯ ದೊಡ್ಡಗುಣಿ, ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರದ ಸುತ್ತಿನವು ಬಹು ಹಳೆಯವು. ಗಾಳಿಯಲ್ಲಿ ಆಮ್ಲಜನಕ ನೆಲೆಸುವ ಮುನ್ನವೇ ಅವು ಬೆಳೆದಿದ್ದವು. ಎರಡನೆಯವು ನಮ್ಮ ಕಲಾದಗಿ ಶ್ರೇಣಿಯವು. ಬಾಗಲಕೋಟೆಯ ಸುತ್ತಣ ಡಾಲಮೈಟ್ ಪದರಗಳಲ್ಲಿ ಇವು ಗುಂಪುಗುಂಪಾಗಿ ಕಾಣಸಿಗುತ್ತವೆ. ಅಂಥ ಒಂದು ಮುಖ್ಯ ಪದರಕ್ಕೆ ಭೂವಿಜ್ಞಾನಿಗಳು ಚಿತ್ರಭಾನುಕೋಟೆ ಎಂಬ ಊರಿನ ಹೆಸರನ್ನು ಇಟ್ಟಿದ್ದಾರೆ. ಚಿತ್ರಭಾನು ಎಂದರೆ ಸೂರ್ಯ. ಬಿಸಿಲನ್ನುಂಡು ಬದುಕಿದವರ ಕಟ್ಟಡಕ್ಕೆ ಸೂರ್ಯನ ಹೆಸರೇ ದೊರೆತದ್ದು ಆಕಸ್ಮಿಕ. ಆದರೂ ಆ ಹೆಸರು ನನಗೆ ಪ್ರಿಯವಾಗಿದೆ. ಕಲಾದಗಿಯ ಜೀವಿಗಳು ಆಮ್ಲಜನಕವನ್ನು ಮೊದಲು ತಂದವರಲ್ಲ. ಮೊದಲಿಗರು ತೊಡಗಿದ ಕೆಲಸವನ್ನು ನೂರು ಕೋಟಿ ವರ್ಷಗಳ ಬಳಿಕವೂ ನಿಲ್ಲಿಸದೆ ನಡೆಸಿಕೊಂಡು ಬಂದ ಅವರ ವಂಶಸ್ಥರು.

ಈ ಕಲ್ಲುಗಳಲ್ಲಿ ಸಾಮಾನ್ಯವಾಗಿ ಜೀವಿಯ ಒಡಲು ಸಿಗುವುದಿಲ್ಲ. ಸಿಗುವುದು ಅದು ಕಟ್ಟಿದ ಮನೆ ಮಾತ್ರ. ಬಾದಾಮಿಯ ಗುಹೆಗಳನ್ನು ಕೊರೆದ ಎಷ್ಟೋ ಶಿಲ್ಪಿಗಳ ಹೆಸರು ಉಳಿಯದೆ ಅವರ ಕೆಲಸ ಮಾತ್ರ ಉಳಿದಂತೆ.

ಬಾದಾಮಿಯ ಕೆಂಪು

ಮೊದಮೊದಲು ಬಿಟ್ಟ ಆಮ್ಲಜನಕವನ್ನೆಲ್ಲ ಸಮುದ್ರದ ಕಬ್ಬಿಣವೂ ಜ್ವಾಲಾಮುಖಿಗಳ ಅನಿಲಗಳೂ ನುಂಗಿಹಾಕಿದವು. ಅವೆಲ್ಲ ತಣಿದ ಮೇಲೆ, ಇಂದಿಗೆ ಸುಮಾರು 240 ಕೋಟಿ ವರ್ಷಗಳ ಹಿಂದೆ, ಆಮ್ಲಜನಕ ಗಾಳಿಯಲ್ಲಿ ನಿಲ್ಲತೊಡಗಿತು. ಅಂದಿನ ಬಹುಪಾಲು ಜೀವಿಗಳಿಗೆ ಇದು ವಿಷಪ್ರವಾಹ. ಆಮ್ಲಜನಕ ಕಬ್ಬಿಣವನ್ನು ತಿನ್ನುವಂತೆ ಜೀವಕೋಶದ ಸೂಕ್ಷ್ಮ ಭಾಗಗಳನ್ನೂ ತಿನ್ನುತ್ತದೆ. ಎಷ್ಟೋ ಜೀವಿಗಳು ನಾಶವಾಗಿರಬೇಕು. ಕೆಲವು ಕೆಸರಿನ ಆಳಕ್ಕೆ, ಬಂಡೆಯ ಬಿರುಕಿಗೆ ಸರಿದುಕೊಂಡವು; ಮುಂದೆ ಪ್ರಾಣಿಗಳು ಹುಟ್ಟಿದಾಗ ಅವುಗಳ ಕರುಳಿನಲ್ಲಿಯೂ ನೆಲೆ ಕಂಡುಕೊಂಡವು. ಕೆಲವು ಆ ವಿಷವನ್ನು ತಡೆಯುವ ಕಿಣ್ವಗಳನ್ನು ಬೆಳೆಸಿಕೊಂಡವು. ಇನ್ನು ಕೆಲವು ಆ ವಿಷವನ್ನೇ ಬಳಸಲು ಕಲಿತವು. ಅದೇ ಉಸಿರಾಟ.

ಉಸಿರಾಟವೆಂದರೆ ನಿಧಾನವಾದ ದಹನವೆಂದು ಫ್ರಾನ್ಸಿನ ಲವಾಸಿಯೇ 1780ರ ದಶಕದಲ್ಲಿ ಸಿದ್ಧಪಡಿಸಿದರು. ಅದಕ್ಕೂ ಮುನ್ನ 1771ರಲ್ಲಿ ಇಂಗ್ಲೆಂಡಿನ ಧರ್ಮಬೋಧಕ ಜೋಸೆಫ್ ಪ್ರೀಸ್ಟ್ಲಿ, ಮುಚ್ಚಿದ ಗಾಜಿನ ಪಾತ್ರೆಯಲ್ಲಿ ದೀಪ ಆರಿದ ಗಾಳಿಯೊಳಗೆ ಪುದೀನದ ಗಿಡವೊಂದನ್ನು ಇರಿಸಿ, ಕೆಲವು ದಿನಗಳ ನಂತರ ಅಲ್ಲಿ ದೀಪ ಮತ್ತೆ ಉರಿಯುವುದನ್ನು ಕಂಡಿದ್ದರು. ನಮ್ಮ ಮುತ್ಯಾ ಹಗೇವಿಗೆ ಕಂದೀಲು ಇಳಿಬಿಟ್ಟು ನೋಡಿದ್ದೂ ಪ್ರೀಸ್ಟ್ಲಿ ಪಾತ್ರೆಯಲ್ಲಿ ನೋಡಿದ್ದೂ ಒಂದೇ ಸಂಗತಿ. ದೀಪಕ್ಕೆ ಬೇಕಾದದ್ದೇ ಜೀವಕ್ಕೂ ಬೇಕು.

ಹುದುಗುವಿಕೆಯಲ್ಲಿ ಎರಡು ಎಟಿಪಿ ಕೊಡುತ್ತಿದ್ದ ಅದೇ ಗ್ಲೂಕೋಸ್ ಅಣು, ಆಮ್ಲಜನಕದ ನೆರವಿನಿಂದ ಪೂರ್ತಿ ಒಡೆದಾಗ ಸುಮಾರು ಮೂವತ್ತು ಎಟಿಪಿ ಕೊಡುತ್ತದೆ. ಈ ಹೆಚ್ಚಿನ ಗಳಿಕೆಯಿಲ್ಲದೆ ಗಿಡಮರ, ಹಕ್ಕಿ, ಮನುಷ್ಯ ಯಾವುದೂ ಆಗುತ್ತಿರಲಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಈ ಹೊಸ ವಿದ್ಯೆಯ ಉಪಕರಣಗಳು ಬಹುಪಾಲು ಹಳೆಯವೇ. ಹುದುಗುವಿಕೆಯ ಹತ್ತು ಮೆಟ್ಟಿಲುಗಳನ್ನು ಹಾಗೆಯೇ ಇಟ್ಟುಕೊಂಡು ಅದರ ಮುಂದಕ್ಕೆ ಹೊಸ ಕೋಣೆ ಕಟ್ಟಲಾಯಿತು. 1937ರಲ್ಲಿ ಹ್ಯಾನ್ಸ್ ಕ್ರೆಬ್ಸ್ ಕಂಡುಹಿಡಿದ, ನಮ್ಮ ಕೋಶಗಳಲ್ಲಿ ಆಹಾರವನ್ನು ಒಡೆಯುವ ಕ್ರಿಯಾಚಕ್ರವನ್ನು ಕೆಲವು ಬ್ಯಾಕ್ಟೀರಿಯಾಗಳು ಹಿಮ್ಮುಖವಾಗಿ ತಿರುಗಿಸಿ ಆಹಾರವನ್ನು ಕಟ್ಟುತ್ತವೆಂದು 1966ರಲ್ಲಿ ತಿಳಿದುಬಂತು. ಕಟ್ಟುವ ಚಕ್ರವೇ ಮೊದಲಿನದು, ಒಡೆಯುವುದು ಅದರ ತಿರುವು ಎಂದು ಅನೇಕರು ಭಾವಿಸುತ್ತಾರೆ. ಪ್ರಕೃತಿ ಹಳೆಯ ಮನೆಯನ್ನು ಕೆಡವುವುದಿಲ್ಲ. ಅದರ ಮೇಲೆಯೇ ಮಾಳಿಗೆ ಏರಿಸುತ್ತದೆ.

ಗಾಳಿಯಲ್ಲಿ ಆಮ್ಲಜನಕ ನೆಲೆಸಿತೆಂಬುದಕ್ಕೆ ಭೂವಿಜ್ಞಾನಿಗಳು ಕೊಡುವ ಸಾಕ್ಷಿಗಳಲ್ಲಿ ಕೆಂಪು ಮರಳುಗಲ್ಲೂ ಒಂದು. ನೆಲದ ಮೇಲೆ ಹರಿವ ನದಿಗಳು ಹಾಸಿದ ಮರಳಿನ ಕಣಗಳಿಗೆ ತೆಳುವಾದ ಕಬ್ಬಿಣದ ತುಕ್ಕು ಹತ್ತಿದಾಗ ಕಲ್ಲು ಕೆಂಪಾಗುತ್ತದೆ. ಬಾದಾಮಿಯ ಬೆಟ್ಟಗಳ ಕೆಂಪು ಈ ಬಗೆಯದು. ಇಳಕಲ್ಲಿನ ಗ್ರಾನೈಟಿನ ಗುಲಾಬಿ ಬಣ್ಣ ಬೇರೆ. ಅದು ಕರಗಿದ ಶಿಲೆ ಭೂಗರ್ಭದಲ್ಲಿ ತಣಿದಾಗ ಉಂಟಾದ ಫೆಲ್ಡ್‌ಸ್ಪಾರ್ ಹರಳುಗಳದು, ಅದರಲ್ಲಿ ಜೀವದ ಪಾತ್ರವಿಲ್ಲ. ಬಾದಾಮಿಯ ಮೂರನೆಯ ಗುಹೆಯಲ್ಲಿ ಶಕವರ್ಷ 500, ಅಂದರೆ ಕ್ರಿ.ಶ. 578ರ ಶಾಸನವಿದೆ. ಚಾಲುಕ್ಯರ ಮಂಗಲೇಶ ಆ ಗುಹೆಯನ್ನು ಕೊರೆಯಿಸಿದ. ಅವನ ಶಿಲ್ಪಿಗಳು ಉಳಿಯಿಟ್ಟದ್ದು, ಕಣ್ಣಿಗೆ ಕಾಣದ ಜೀವಿಗಳು ಬಿಟ್ಟ ಗಾಳಿ ಬಣ್ಣ ಕಟ್ಟಿದ ಕಲ್ಲಿಗೆ.

ಎರಡು ಹಾಸುಗಳ ನೇಯ್ಗೆ

ಉಸಿರಾಡಲು ಕಲಿತ ಬ್ಯಾಕ್ಟೀರಿಯಾಗಳ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅವುಗಳಲ್ಲಿ ಒಂದು, ಬೇರೊಂದು ವಂಶದ ಕೋಶದ ಒಳಗೆ ಸೇರಿಕೊಂಡಿತು. ಅದು ಜೀರ್ಣವಾಗಲಿಲ್ಲ, ಆತಿಥೇಯನನ್ನು ಕೊಲ್ಲಲೂ ಇಲ್ಲ. ಎರಡೂ ಕೂಡಿ ಬಾಳಿದವು. ನಮ್ಮ ಬಹುಪಾಲು ಕೋಶಗಳಲ್ಲಿ ಉಸಿರಾಟದ ಕೆಲಸ ನಡೆಸುವ ಮೈಟೊಕಾಂಡ್ರಿಯಾಗಳು ಆ ಅತಿಥಿಯ ಸಂತತಿ. ಇಂದಿಗೂ ಅವು ತಮ್ಮದೇ ಆದ ಡಿಎನ್‌ಎಯನ್ನು ಉಳಿಸಿಕೊಂಡಿವೆ. ಮುಂದೆ ಒಂದು ಸಯನೋಬ್ಯಾಕ್ಟೀರಿಯಾ ಹೀಗೆಯೇ ಒಳಸೇರಿ, ಗಿಡಗಳ ಹಸಿರಿನ ಮೂಲವಾಯಿತು. ಈ ವಿಚಾರವನ್ನು ಅಮೆರಿಕದ ಲಿನ್ ಮಾರ್ಗುಲಿಸ್ ಬರೆದಾಗ ಹಲವು ಪತ್ರಿಕೆಗಳು ಹಿಂದಿರುಗಿಸಿದವು. ಕೊನೆಗೆ 1967ರಲ್ಲಿ ಅದು ಪ್ರಕಟವಾಯಿತು. ಇಂದು ಅದು ಸರ್ವಸಮ್ಮತ.

ಇಳಕಲ್ಲಿನ ಮಗ್ಗದ ಮನೆಗಳನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಅಲ್ಲಿ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಪ್ರತ್ಯೇಕವಾಗಿ ಸಿದ್ಧಪಡಿಸಿ, ಎಳೆಗೆ ಎಳೆ ಕೊಂಡಿ ಹಾಕಿ, ಆ ಮೇಲೆ ಒಂದೇ ವಸ್ತ್ರವಾಗಿ ನೇಯುತ್ತಾರೆ. ಉಟ್ಟವರಿಗೆ ಅದು ಒಂದೇ ಸೀರೆ. ನೇಯ್ದವರಿಗೆ ಮಾತ್ರ ಕೊಂಡಿ ಎಲ್ಲಿದೆಯೆಂದು ಗೊತ್ತು. ನಮ್ಮ ಶರೀರವೂ ಹಾಗೆ ಎರಡು ಹಾಸುಗಳ ನೇಯ್ಗೆ. ಸುಮಾರು 160 ಕೋಟಿ ವರ್ಷ ಹಳೆಯ ಬಂಡೆಗಳ ಹೊತ್ತಿಗೆ ಇಂಥ ಕೂಡುಕೋಶಗಳು ಲೋಕದಲ್ಲಿದ್ದವೆಂದು ಪಳೆಯುಳಿಕೆಗಳು ಹೇಳುತ್ತವೆ. ಜೀವನವೆಂದರೆ ಕೇವಲ ಹೋರಾಟ, ಬಲಿಷ್ಠನಿಗೆ ಮಾತ್ರ ಉಳಿವು ಎಂದು ಹೇಳುವವರು ಇದನ್ನೂ ಎಣಿಕೆಗೆ ತಂದುಕೊಳ್ಳಬೇಕು.

ಒಡೆಯುತ್ತಿರುವ ಪುಟಗಳು

ಇಷ್ಟು ದೀರ್ಘವಾದ ಚರಿತ್ರೆಯ ಪುಟಗಳನ್ನು ನಾವು ಇಂದು ಯಾವ ಸ್ಥಿತಿಯಲ್ಲಿ ಇರಿಸಿದ್ದೇವೆ? ಕಲಾದಗಿ ಶ್ರೇಣಿಯ ಸುಣ್ಣಕಲ್ಲು ಸಿಮೆಂಟಿಗೆ ಬೇಕು. ಅದನ್ನು ಕಡೆಗಣಿಸಲಾಗದು. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ದೊಡ್ಡ ಭಾಗವನ್ನೂ ನೂರಾರು ಮನೆಗಳನ್ನೂ ಆವರಿಸಿದಾಗ, ನೆಲೆ ಕಳೆದುಕೊಂಡವರು ನವನಗರದಲ್ಲಿ, ಪುನರ್ವಸತಿ ಕೇಂದ್ರಗಳಲ್ಲಿ ಮತ್ತೆ ಗೋಡೆ ಎಬ್ಬಿಸಿಕೊಂಡದ್ದು ಸಿಮೆಂಟಿನಿಂದಲೇ. ಗಣಿಯಲ್ಲಿ ದುಡಿಯುವ ಕುಟುಂಬಗಳ ಅನ್ನವೂ ಅದೇ ಕಲ್ಲಿನಲ್ಲಿದೆ. ಗಣಿಯನ್ನು ಮುಚ್ಚಿರೆಂದು ಹೇಳುವ ಅಧಿಕಾರ ನನಗಿಲ್ಲ, ಹೇಳುವ ಮನಸ್ಸೂ ಇಲ್ಲ.

ಆದರೂ ಒಂದು ಲೆಕ್ಕವನ್ನು ಓದುಗರ ಮುಂದಿಡಬೇಕು. ಶುದ್ಧ ಸುಣ್ಣಕಲ್ಲು 100 ಕಿಲೋ ಸುಟ್ಟರೆ 56 ಕಿಲೋ ಸುಣ್ಣ ಉಳಿದು 44 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಕೋಟ್ಯಂತರ ವರ್ಷ ಕಲ್ಲಿನಲ್ಲಿ ಕಟ್ಟಿಬಿದ್ದಿದ್ದ ಅನಿಲವನ್ನು ನಾವು ಕುಲುಮೆಯಲ್ಲಿ ಕೆಲವೇ ಗಂಟೆಗಳಲ್ಲಿ ಬಿಡುಗಡೆ ಮಾಡುತ್ತಿದ್ದೇವೆ. ಸಯನೋಬ್ಯಾಕ್ಟೀರಿಯಾಗಳೂ ತಮ್ಮ ಕಸದಿಂದ ಲೋಕದ ಗಾಳಿಯನ್ನು ಬದಲಿಸಿದವು ನಿಜ. ಅವಕ್ಕೆ ತಾವು ಮಾಡುತ್ತಿರುವುದು ತಿಳಿದಿರಲಿಲ್ಲ. ಆ ಬದಲಾವಣೆಗೆ ಇತರ ಜೀವಿಗಳು ಹೊಂದಿಕೊಳ್ಳಲು ಕೋಟಿಗಟ್ಟಲೆ ವರ್ಷಗಳ ಅವಕಾಶವಿತ್ತು. ನಮಗೆ ತಿಳಿವಳಿಕೆಯಿದೆ, ಅವಕಾಶವಿಲ್ಲ.

ಇನ್ನೊಂದು ನಷ್ಟವಿದೆ. ಒಮ್ಮೆ ಒಡೆದ ಸ್ಟ್ರೊಮ್ಯಾಟೊಲೈಟ್ ಮತ್ತೆ ಬಾರದು. ರಾಜಸ್ಥಾನದ ಝಾಮರಕೋಟ್ರಾ ಮತ್ತು ಭೋಜುಂದಾಗಳಲ್ಲಿರುವ ಸ್ಟ್ರೊಮ್ಯಾಟೊಲೈಟುಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಘೋಷಿಸಿ ಕಾಯ್ದಿದೆ. ಕರ್ನಾಟಕದಲ್ಲಿ ಇಂಥ ಘೋಷಿತ ಸ್ಮಾರಕಗಳೆಂದರೆ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಶಿಲೆಗಳು, ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬುಲಾವಾ, ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಮತ್ತು ಕೋಲಾರ ಸೀಮೆಯ ಪೆದ್ದಪಲ್ಲಿಯ ಜ್ವಾಲಾಮುಖಿ ಶಿಲೆ. ನಾಲ್ಕೂ ಬೆಂಕಿಯಿಂದ ಹುಟ್ಟಿದ ಕಲ್ಲುಗಳೇ. ಜೀವಿಗಳು ಕಟ್ಟಿದ ಕಲ್ಲು ಅದರಲ್ಲಿ ಒಂದೂ ಇಲ್ಲ. ಚಿತ್ರಭಾನುಕೋಟೆಯ ಡಾಲಮೈಟಿನಲ್ಲಿ ಒಂದೆರಡು ಎಕರೆಯನ್ನಾದರೂ ಬೇಲಿ ಹಾಕಿ ಉಳಿಸಿಕೊಂಡರೆ ಗಣಿಗೂ ದೊಡ್ಡ ಹಾನಿಯಿಲ್ಲ, ಸಿಮೆಂಟಿಗೂ ಕೊರತೆಯಿಲ್ಲ. ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳಿಗೆ ಮಕ್ಕಳನ್ನು ಪ್ರವಾಸ ಕರೆದೊಯ್ಯುವ ಶಿಕ್ಷಕರು ಬಸ್ಸನ್ನು ಒಂದು ಗಂಟೆ ಅಲ್ಲಿ ನಿಲ್ಲಿಸಿ, ಇದು ಚಾಲುಕ್ಯರಿಗಿಂತ ಹಳೆಯ ಕಟ್ಟಡವೆಂದು ತೋರಿಸಬಹುದು. ಗ್ರಾಮ ಪಂಚಾಯಿತಿಗಳೂ ಶಾಲೆಗಳೂ ಮನಸ್ಸು ಮಾಡಿದರೆ ಇದು ಆಗದ ಕೆಲಸವಲ್ಲ.

ಕಳೆದ ಮಳೆಗಾಲದಲ್ಲಿ ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಕುಳಿತಿದ್ದೆ. ನೀರಿನಂಚಿನ ಕಲ್ಲಿನ ಮೇಲೆ ಹಸಿರು ಲೋಳೆ ಹಬ್ಬಿತ್ತು. ಬಟ್ಟೆ ಒಗೆಯುತ್ತಿದ್ದ ತಾಯಿಯೊಬ್ಬರು, “ಜ್ವಾಕೀರಿ ಅಪ್ಪಾರ, ಪಾಚಿ ಐತಿ, ಕಾಲು ಜಾರ್ತೈತಿ” ಎಂದು ಎಚ್ಚರಿಸಿದರು. ನಾನು ಕಾಲನ್ನು ಸರಿಸಿಕೊಂಡೆ. ಆ ಲೋಳೆಯಲ್ಲಿ, ನೀರನ್ನು ಒಡೆದು ಗಾಳಿ ತುಂಬಿದವರ ಸಂತತಿ ಆ ಹೊತ್ತಿನಲ್ಲಿಯೂ ಕೆಲಸದಲ್ಲಿ ತೊಡಗಿತ್ತು. ಭೂಮಿಯೆಂಬ ಹಗೇವಿನಲ್ಲಿ ದೀಪ ಉರಿಯುವಂತೆ ಮಾಡಿದವರು ಅವರು. ಅವರ ಋಣವನ್ನು ತೀರಿಸುವುದು ನಮ್ಮಿಂದಾಗದು. ಅವರ ಕೆಲಸದ ಗುರುತುಗಳಲ್ಲಿ ನಾಲ್ಕನ್ನು ಉಳಿಸಿ ಮುಂದಿನವರ ಕೈಗೆ ಒಪ್ಪಿಸುವುದು ಮಾತ್ರ ನಮ್ಮಿಂದ ಆಗುವ ಕೆಲಸ.